ಶನಿವಾರದ ಕಾರು

ಗ್ರಾನ್‌ಸೆಲೆ, ಉತ್ತರ ಸ್ವೀಡನ್
ಜನವರಿ 21, ಭಾನುವಾರ

ಪ್ರೀತಿಯ ಹೆಡ್ವಿಗ್ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಔಷಧಿ ಅರ್ಧಕ್ಕೇ ಬಿಡುವವಳು ನೀನು, ಮುಗಿಸು. ತೂವಾಗೆ ಎರಡು ಹಲ್ಲು ಬಂದಿವೆ. ಮೂರನೆಯದು ಬರುವ ಸಡಗರದಲ್ಲಿ ನಮ್ಮಿಬ್ಬರ ನಿದ್ದೆಯನ್ನೂ ನುಂಗಿದೆ. ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ಗೋಡೆಯಾಚೆ ಅತ್ತೆ ಗುನ್ವೋರ್ ಇರುತ್ತಾರೆ. ನಾನು ಫೋನೆತ್ತಿದ ಕೂಡಲೇ ಅವರ ರೇಡಿಯೊ ಸಣ್ಣಗಾಗುತ್ತದೆ.

ಟೊರ್ಕೆಲ್ ಕೆಟ್ಟವನೆಂದು ಬರೆಯಲು ಕೂತಿಲ್ಲ. ಮೋಟಾರು ಕ್ಲಬ್ಬಿನ ಪಂದ್ಯದಲ್ಲಿ, ಅದೇ, ಎಲ್ಲರಿಗಿಂತ ಕಡಿಮೆ ಪೆಟ್ರೋಲು ಸುಟ್ಟವರು ಗೆಲ್ಲುವ ಪಂದ್ಯದಲ್ಲಿ, ಅವನು ಕಪ್ ಗೆದ್ದ ಬೇಸಿಗೆಯಲ್ಲೇ ಅಲ್ಲವೇ ನಾನು ಅವನನ್ನು ಮೆಚ್ಚಿ ಮದುವೆಗೆ ಒಪ್ಪಿದ್ದು. ಪಕ್ಕದಲ್ಲಿ ಕೂತು ಎಷ್ಟು ತಾಳ್ಮೆಯಿಂದ ಕಲಿಸಿದ. ದೂರ ನೋಡು, ತಿರುವು ಕಾಣುತ್ತಲೇ ಕಾಲೆತ್ತು, ಗೇರಿನಲ್ಲೇ ಉರುಳಲು ಬಿಡು, ಬ್ರೇಕು ಒತ್ತಿದರೆ ಪೆಟ್ರೋಲನ್ನು ರಸ್ತೆಗೆ ಚೆಲ್ಲಿದ ಹಾಗೆ. ಟೈರಿನ ಗಾಳಿ ತಪ್ಪದೆ ನೋಡುತ್ತಾನೆ, ಸ್ಕೀ ಪೆಟ್ಟಿಗೆಯನ್ನು ಕಾರಿನ ನೆತ್ತಿಯ ಮೇಲೆ ಸುಮ್ಮನೆ ಇರಗೊಡುವುದಿಲ್ಲ. ಎಲ್ಲ ಸರಿಯೇ. ನೂರು ಕಿಲೋಮೀಟರನ್ನು ನಾಲ್ಕೂವರೆ ಲೀಟರಿನಲ್ಲಿ ಓಡಿಸಿ ನಾನೂ ಹೆಮ್ಮೆಪಟ್ಟವಳೇ. ಆದರೆ ತಣ್ಣಗಿನ ಎಂಜಿನ್ನಿನ ಸಣ್ಣ ಓಡಾಟ ಸರಾಸರಿಯನ್ನು ಕೆಡಿಸುತ್ತದಂತೆ. ಹಾಗಾಗಿ ಈ ಚಳಿಗಾಲದಲ್ಲಿ ಅಂಗಡಿ, ಗ್ರಂಥಾಲಯ, ಅತ್ತೆ ಕೂದಲು ಕತ್ತರಿಸಿಕೊಳ್ಳುವುದು, ಎಲ್ಲವೂ ಶನಿವಾರ ಒಂದೇ ಸುತ್ತಿನಲ್ಲಿ. ಎಂಜಿನ್ ಬೆಚ್ಚಗೆ ಮಾಡುವ ಹೀಟರಿನ ಟೈಮರೂ ಶನಿವಾರಕ್ಕೇ. ಉಳಿದ ದಿನ ಅವನು ಗೆಳೆಯನ ಕಾರಿನಲ್ಲಿ ಮರದ ಮಿಲ್ಲಿಗೆ ಹೋಗುತ್ತಾನೆ. ನಮ್ಮದು ಅಂಗಳದಲ್ಲಿ ಹಿಮ ಹೊದ್ದು ನಿಂತಿರುತ್ತದೆ, ನಾನು ಕಿಟಕಿಯಲ್ಲಿ. ಈ ಸಲ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವ ಮೊಳೆ ಟೈರೂ ಬೇಡವೆಂದ. ಮೊಳೆ ಪೆಟ್ರೋಲು ಕುಡಿಯುತ್ತದೆ ಅಂತ ಹಗುರವಾಗಿ ಉರುಳುವ, ಮೊಳೆಯಿಲ್ಲದ ಟೈರು ಹಾಕಿಸಿದ. ನಿಮ್ಮ ಪೇಟೆಯಲ್ಲಿ ಅದು ಸಾಕೇನೋ. ನಮ್ಮ ಸೇತುವೆಯ ಇಳಿಜಾರು ನಿನಗೆ ಗೊತ್ತಲ್ಲ.

ಮಂಗಳವಾರ ತೂವಾಗೆ ಜ್ವರ ಏರಿ ಮೈ ಕೆಂಡವಾಗಿತ್ತು. ಗರಗಸದ ಸದ್ದಿನಲ್ಲಿ ಟೊರ್ಕೆಲ್‌ಗೆ ಫೋನು ಕೇಳಿಸಲಿಲ್ಲ. ಅತ್ತೆ ಹೆಣಿಗೆಯಿಂದ ತಲೆಯೆತ್ತದೆ, “ನಾವು ಕಾಲಲ್ಲಿ ತಳ್ಳೋ ಜಾರುಬಂಡಿ ಮೇಲೇ ಮಕ್ಕಳನ್ನ ನರ್ಸ್ ಹತ್ರ ಕರ್ಕೊಂಡ್ ಹೋಗ್ತಿದ್ವಮ್ಮ. ಓದ್ಕೊಂಡವರಿಗೆ ಚಳಿ ಜಾಸ್ತಿಯೇನೋ” ಅಂದರು. ನಾನು ಕೊಕ್ಕೆಯಲ್ಲಿದ್ದ ಬೀಗದ ಕೈ ತೆಗೆದು, ಹೆಪ್ಪುಗಟ್ಟಿದ ಕಾರನ್ನೇ ಹೊರಡಿಸಿದೆ. ಇಳಿಜಾರಿನಲ್ಲಿ, ಅಭ್ಯಾಸ ಹೇಗಿರುತ್ತದೆ ನೋಡು, ಬ್ರೇಕು ಮುಟ್ಟದೆ ಉರುಳಲು ಬಿಟ್ಟೆ. ವೇಗ ಹೆಚ್ಚಾಯಿತೆಂದು ಒತ್ತಿದಾಗ ಟೈರು ಹಿಡಿಯಲೇ ಇಲ್ಲ. ಕಾರು ಅಡ್ಡಡ್ಡ ಜಾರಿ, ಹಿಮದ ಗುಡ್ಡೆಗೆ ಮೂಗು ತೂರಿಸಿ ನಿಂತಿತು. ಗುಡ್ಡೆಯ ಆಚೆಗೆ ನದಿ. ನಮಗೇನೂ ಆಗಲಿಲ್ಲ. ಹಾಲಿನ ಲಾರಿಯವನು ನಮ್ಮನ್ನು ಆಸ್ಪತ್ರೆಗೆ ಬಿಟ್ಟ. ಕಿವಿಯ ಸೋಂಕಂತೆ, ಈಗ ಜ್ವರ ಇಳಿದಿದೆ.

ಸಂಜೆ ಟೊರ್ಕೆಲ್ ಕಾರನ್ನು ಎಳೆಸಿ ತಂದ. ಮಗುವಿನ ಹಣೆ ಮುಟ್ಟಿದ, ನನ್ನನ್ನು ತಬ್ಬಿದ, ಅದನ್ನೂ ಬರೆಯಬೇಕು. ಆಮೇಲೆ ಕಾರಿನಲ್ಲಿ ಕೂತು ಪರದೆಯ ಮೇಲಿನ ಅಂಕಿ ನೋಡಿ ಬಂದು, “ಒಂದೇ ದಿನದಲ್ಲಿ ಇಡೀ ತಿಂಗಳ ಸರಾಸರಿ ಹಾಳಾಯ್ತಲ್ಲೇ, ಪುಟ್ಟಾ” ಅಂದ. ಬೈದಿದ್ದರೆ ಜಗಳವಾಡುತ್ತಿದ್ದೆ. ಅವನ ದನಿಯಲ್ಲಿದ್ದದ್ದು ಮರುಕ. ಬೀಗದ ಕೈಯನ್ನು ತನ್ನ ಗೊಂಚಲಿಗೆ ಸೇರಿಸಿಕೊಳ್ಳುತ್ತಾ, “ಇನ್ಮೇಲೆ ಏನು ಬೇಕೋ ಹೇಳು, ನಾನೇ ತರ್ತೀನಿ” ಅಂದ. ಯೋಚಿಸಿದೆ ಅಕ್ಕಾ. ನನಗೆ ಬೇಕಾದದ್ದು ಅವನು ತಂದುಕೊಡುವಂಥದ್ದಲ್ಲ.

ಭಾವನನ್ನು ಕೇಳಿದೆನೆಂದು ಹೇಳು. ನಿನ್ನ ಮಕ್ಕಳಿಗೆ ತೂವಾಳ ಎರಡು ಹಲ್ಲಿನ ಮುತ್ತು.

ನಿನ್ನ ತಂಗಿ,
ಈಲ್ವಾ

ತಾ.ಕ.: 31, ಬುಧವಾರ, ಅತ್ತೆ ಚರ್ಚಿನ ಕಾಫಿ ಕೂಟಕ್ಕೆ ಹೋಗುತ್ತಾರೆ, ಟೊರ್ಕೆಲ್‌ಗೆ ಹಗಲು ಪಾಳಿ. ಭಾವನ ಕಾರು ತಾ, ಮೊಳೆ ಟೈರು ಇದೆಯೋ ನೋಡಿ ತಾ. ಮಗುವಿನ ಸೀಟೂ ಬೇಕು, ನಮ್ಮದು ಬೀಗ ಹಾಕಿದ ಕಾರಿನಲ್ಲಿದೆ. ಹಿಂದೆ ಜಾಗ ಮಾಡಿಕೊಂಡು ಬಾ, ತೊಟ್ಟಿಲು ಹಿಡಿಸಬೇಕು.