ಆರತಿಗೆ ನೀನೇ ಬೇಕು

ಕವಿತಕ್ಕನಿಗೆ ಸ್ವರೂಪನ ನಮಸ್ಕಾರ.

ಬಸ್‌ಸ್ಟ್ಯಾಂಡನ್ನು ಬೈಪಾಸಿಗೆ ಸಾಗಿಸುವ ನಿರ್ಣಯಕ್ಕೆ ನಾನೂ ಕೈ ಎತ್ತಿದೆ. ಎತ್ತದಿದ್ದರೆ ಪುರಸಭೆಯ ಅಧ್ಯಕ್ಷಗಿರಿ ತಪ್ಪಿಹೋಗುತ್ತಿತ್ತು.

ಚುನಾವಣೆಯಲ್ಲಿ ನೀನು ಮನೆಮನೆಗೂ ಅರಿಶಿನ ಕುಂಕುಮ ಕೊಟ್ಟು, "ನನ್ ತಮ್ಮ ಗೆದ್ರೆ ಬಸ್‌ಸ್ಟ್ಯಾಂಡು ಎಲ್ಗೂ ಓಗಾಕಿಲ್ಲ ಕಣ್ರವ್ವಾ" ಎಂದು ನಿನ್ನ ಮಗನ ತಲೆ ಮುಟ್ಟಿ ಆಣೆ ಮಾಡಿದ್ದೆ. ನಾನೇನೂ ಹಾಗೆ ಹೇಳಿಕೊಟ್ಟಿರಲಿಲ್ಲ. ಆ ಹೆಂಗಸರು ಜಗಳಕ್ಕೆ ಬಂದಿದ್ದರು. ಆಣೆ ಮಾಡಿದವಳನ್ನೇ ಕೇಳಿ ಎಂದು ನಿನ್ನಲ್ಲಿಗೆ ಕಳಿಸಿದ್ದೇನೆ.

ಶುಕ್ರವಾರ ಹೊಸ ಬಸ್‌ಸ್ಟ್ಯಾಂಡಿನ ಉದ್ಘಾಟನೆ. ಹಳೆಯದನ್ನು ಕೆಡವುತ್ತಾರೆ. ಅಲ್ಲಿ ಕಿರುಗಾವಲು ಊರಿನ ಬಸ್ಸು ನಿಲ್ಲುವ ಕಡೆಯ ನಿನ್ನ ಹೂವಿನಂಗಡಿಯನ್ನು ಗುರುವಾರದೊಳಗೆ ಖಾಲಿ ಮಾಡು.

ನನಗೆ ಆರತಿ ಎತ್ತಲು ಒಡಹುಟ್ಟಿದ ನೀನೇ ಬೇಕು. ಮಗನನ್ನೂ ಕರೆದುಕೊಂಡು ಬಾ. ಹಾರವನ್ನು ಬೇರೆಯವರಿಗೆ ಹೇಳಿದ್ದೇನೆ, ಅಷ್ಟೊತ್ತಿಗೆ ನಿನ್ನ ಅಂಗಡಿ ಇರುವುದಿಲ್ಲವಲ್ಲ.

ನಿನ್ನ ತಮ್ಮ,
ಸ್ವರೂಪ್
ಪುರಸಭಾಧ್ಯಕ್ಷ