ಸೊನ್ನೆ ಹೊಲಿಗೆಯ ಆಪರೇಷನ್

“...ಗಾಯವೇ ಇಲ್ಲದ ಮೇಲೆ ಅದೆಂಥ ಆಪರೇಷನ್ನು” ಎಂದಿರೋ, “ಅದೆಲ್ಲಿಯ ಆಪರೇಷನ್ನು” ಎಂದಿರೋ, ಈಗ ಖಚಿತವಾಗಿ ನೆನಪಿಲ್ಲ, ರಜೆ ಮಂಜೂರು ಮಾಡುವ ಮಾನ್ಯರೇ. ನಾನಾಗ ನಿಮ್ಮ ಮೇಜಿನ ಮುಂದೆ ಅಂಗಿ ಎತ್ತಿಕೊಂಡು ನಿಂತಿದ್ದೆ. ನೀವು ಕನ್ನಡಕ ಮೇಲೇರಿಸಿ ನನ್ನ ಹೊಟ್ಟೆಯನ್ನು ಕಡತದಂತೆ ಪರಿಶೀಲಿಸಿದಿರಿ. ಗುರುತು ಸಿಗಲಿಲ್ಲ, ಅರ್ಜಿ ತಿರಸ್ಕೃತವಾಯಿತು.

ನಮ್ಮ ಒಳಚರಂಡಿ ಕಚೇರಿಯಲ್ಲಿ ಶಸ್ತ್ರಚಿಕಿತ್ಸೆಗೆ ರಜೆ ಸಿಗುವುದು ಹೊಲಿಗೆಯ ಲೆಕ್ಕದಲ್ಲಿ, ಒಂದಕ್ಕೆ ಎರಡು ದಿನ. ಅರ್ಜಿಯ ಒಂಬತ್ತನೇ ಅಂಕಣ ‘ಹೊಲಿಗೆಗಳ ಸಂಖ್ಯೆ’. ನನ್ನ ವೈದ್ಯರು ಪ್ರಾಮಾಣಿಕರು, ‘ಸೊನ್ನೆ’ ಎಂದು ಬರೆದರು. ಸೊನ್ನೆಯನ್ನು ಎರಡರಿಂದ ಗುಣಿಸಲು ತಮಗೆ ಹತ್ತು ದಿನ ಹಿಡಿಯಿತು.

ಕಲ್ಲು ಹದಿನೆಂಟು ಮಿಲಿಮೀಟರಿನದು. ಮೂತ್ರಪಿಂಡದಿಂದ ಇಳಿಯುವ ನಾಳದಲ್ಲಿ ತಳವೂರಿ ಕೂತಿತ್ತು. “ಹೊಟ್ಟೆ ಕೊಯ್ಯೋದೇನೂ ಬೇಡ,” ಎಂದರು ವೈದ್ಯರು. “ಮೂತ್ರ ಬರೋ ದಾರೀಲೇ ಸಣ್ಣ ದುರ್ಬೀನು ಕಳಿಸಿ ಲೇಸರಿನಿಂದ ಪುಡಿ ಮಾಡ್ತೀವಿ.” ಮಾಡಿದರು. ನಾಳ ಮುಚ್ಚಿಕೊಳ್ಳದಿರಲೆಂದು ಒಳಗೊಂದು ಮೆತ್ತನೆಯ ಕೊಳವೆ ಇಟ್ಟರು. ಅದನ್ನು ಬರುವ ಸೋಮವಾರ ತೆಗೆಯಬೇಕು.

“ತೆಗೀದಿದ್ರೆ?” ಎಂದೆ.

“ಕೊಳವೆ ಮೇಲೇ ಮತ್ತೆ ಕಲ್ಲು ಕಟ್ಟುತ್ತೆ. ಆಮೇಲೆ ಕೊಯ್ಯಲೇಬೇಕಾಗಬಹುದು.”

ಅಂದರೆ ಮಾನ್ಯರೇ, ತಾವು ರಜೆ ನಿರಾಕರಿಸುತ್ತಲೇ ಹೋದರೆ ನಾನು ಒಂದಲ್ಲ ಒಂದು ದಿನ ರಜೆಗೆ ಅರ್ಹನಾಗುತ್ತೇನೆ. ಇಷ್ಟು ದೂರದೃಷ್ಟಿಯ ನಿಯಮ ಬೇರೆಲ್ಲಿದೆ? ಆಪರೇಷನ್ನಿಗೆ ಹೋದಾಗಿನ ಗೈರುಹಾಜರಿಗೇ ಮೆಮೋ ಬಂದಿದೆ. ಇನ್ನೊಂದಕ್ಕೆ ಕೆಲಸವೇ ಹೋಗುತ್ತದಂತೆ.

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ವಿಷಯ ಕೇಳಿ ಸೂಜಿ ಎತ್ತಿಕೊಂಡಳು. “ಬಾರೋ ಇಲ್ಲಿ, ಐದು ಹೊಲಿಗೆ ನಾನೇ ಹಾಕ್ತೀನಿ. ನಿಮ್ಮ ಸಾಹೇಬ್ರಿಗೆ ಯಾವ ಬಣ್ಣದ ದಾರ ಇಷ್ಟ ಅಂತ ಕೇಳ್ಕೊಂಡು ಬಾ.”

“ನೋವಾಗುತ್ತಲ್ಲೇ.”

“ಕಲ್ಲನ್ನೇ ತಡ್ಕೊಂಡೋನಿಗೆ ಸೂಜಿ ಯಾವ ಲೆಕ್ಕ?”

ನಕ್ಕೆ. ನಕ್ಕಾಗ ಕೊಳವೆ ಚುಚ್ಚಿತು. ಈಚೆಗೆ ಎಲ್ಲವನ್ನೂ ಸ್ವಲ್ಪ ದೂರದಿಂದ, ಬೇರೆಯವರ ದೇಹದಲ್ಲಿ ನಡೆಯುತ್ತಿರುವಂತೆ ನೋಡುವ ಅಭ್ಯಾಸವಾಗಿದೆ. ಅದೂ ತಮ್ಮಿಂದಲೇ ಕಲಿತದ್ದು.

ಕಳೆದ ವರ್ಷ ಮಾರುಕಟ್ಟೆ ಬೀದಿಯ ಚರಂಡಿ ಕೊಳವೆ ಕಟ್ಟಿಕೊಂಡಿತ್ತು. ನಾನು ಮ್ಯಾನ್‌ಹೋಲಿನಿಂದ ಕ್ಯಾಮೆರಾ ಇಳಿಸಿ, ರಸ್ತೆ ಅಗೆಯದೆ ಅದನ್ನು ಬಿಡಿಸಿದೆ. ಮೆಚ್ಚುಗೆ ಪತ್ರಕ್ಕೆ ಸಹಿ ಹಾಕಿದವರು ತಾವೇ. ‘ಒಂದು ಗುಂಡಿಯೂ ಇಲ್ಲದೆ’ ಎಂಬ ಮಾತಿನ ಕೆಳಗೆ ಗೆರೆ ಎಳೆದವರೂ ತಾವೇ. ಆಗ, ಗುಂಡಿಯೇ ಇಲ್ಲದ ಮೇಲೆ ಅದೆಂಥ ಕೆಲಸ ಎಂದು ಏಕೆ ಕೇಳಲಿಲ್ಲ? ಬೀದಿಗಿರುವ ಮರ್ಯಾದೆ ನನ್ನ ಹೊಟ್ಟೆಗಿಲ್ಲವೇ?

ಶನಿವಾರದೊಳಗೆ ರಜೆ ಮಂಜೂರಾಗಬೇಕು, ಒಂಬತ್ತನೇ ಅಂಕಣಕ್ಕೆ ಅಡ್ಡಗೆರೆ ಬೀಳಬೇಕು. ಇಲ್ಲವಾದರೂ ಸೋಮವಾರ ನಾನು ಹೋಗುವವನೇ. ತೆಗೆದ ಕೊಳವೆಯನ್ನು ತೊಳೆದು, ಸೀಸೆಯಲ್ಲಿಟ್ಟು, ದಾಖಲೆಯಾಗಿ ತಮ್ಮ ಮೇಜಿಗೆ ತಂದಿಡುತ್ತೇನೆ.

ಇಂತಿ,
ತಮ್ಮ ದೃಷ್ಟಿಯಲ್ಲಿ ಏನೂ ಆಗಿರದ,
ಕೊಳವೆ ವಿಭಾಗದ ನೌಕರ

ಮರೆತಿದ್ದೆ. ಈ ನಿಯಮ ಬರೆದ ಅಧಿಕಾರಿ ನಿವೃತ್ತರಾಗಿ ಇಪ್ಪತ್ತು ವರ್ಷವಾಯಿತೆಂದು ಗುಮಾಸ್ತರು ಹೇಳಿದರು. ಆ ಅಧಿಕಾರಿಯ ಪಕ್ಕೆಯಲ್ಲಿ ಇಪ್ಪತ್ತೆರಡು ಹೊಲಿಗೆಗಳಿದ್ದವಂತೆ, ಅದೂ ಕಲ್ಲಿಗೇ. ಎಲ್ಲಿದ್ದೀರೋ ಹಿರಿಯರೇ, ಆ ನೋವಿನಲ್ಲಿ ಮಲಗಿದ್ದಾಗ, ಒಂದು ಹೊಲಿಗೆಯೂ ಇಲ್ಲದೆ ಇದು ಮುಗಿಯಬಾರದಿತ್ತೇ ಎಂದು ನಿಮಗೆ ಒಮ್ಮೆಯೂ ಅನಿಸಲಿಲ್ಲವೇ?