ಕಿಡ್ನಿ ಸ್ಟೋನ್ ಎಂದು ಸುಳ್ಳು ಹೇಳಿದ ಅಪ್ಪನಿಗೆ

ಅಪ್ಪಾ,

ಜಯನಗರದ ನಮ್ಮ ಬೀದಿಗೆ ಮೊದಲ ಟೀವಿ ಬಂದ ವರ್ಷವೇ ನಿನಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿದ್ದು. ನೀನೋ, ಊರಿಗೆಲ್ಲ ಕಿಡ್ನಿ ಸ್ಟೋನ್ ಎಂದು ಸಾರಿಬಿಟ್ಟೆ. ಆ ಜಾಗದ ಕಾಯಿಲೆಯ ಹೆಸರನ್ನು ಹೇಳುವುದಾದರೂ ಹೇಗೆ, ಅಲ್ಲವಾ? ಆಮೇಲೆ ಶುರುವಾಯಿತು ನೋಡು ಬಾಳೆದಿಂಡಿನ ಕಾಟ. ಎದುರುಮನೆಯಿಂದ ಪಲ್ಯ, ಪಕ್ಕದ ಮನೆಯಿಂದ ರಸ, ಬನಶಂಕರಿಯಿಂದ ಅತ್ತೆ ಬಸ್ಸಿನಲ್ಲಿ ಹೊತ್ತು ತಂದ ಇಡೀ ದಿಂಡು! ನೀನು ತುಟಿಪಿಟಕ್ ಎನ್ನದೆ ಎಲ್ಲವನ್ನೂ ಅಗಿದು ನುಂಗಿದೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ಸಂಜೆ ವರಾಂಡದಲ್ಲಿ ಪೇಪರ್ ಮಡಿಸಿಟ್ಟು ನನ್ನನ್ನು ಕರೆದೆ. ಪಾರ್ಕಿನ ಸ್ನೇಹಿತನೊಬ್ಬನಿಗೆ ಪ್ರಾಸ್ಟೇಟಿನಲ್ಲಿ ಗೆಡ್ಡೆಯಂತೆ, ವೃಷಣ ತೆಗೆಯಬೇಕಂತೆ, ಅಲ್ಲಿನ ರೋಗಕ್ಕೆ ಇಲ್ಲೇಕೆ ಕತ್ತರಿ ಎಂದು ಕೇಳಿದೆ. ಸ್ನೇಹಿತನಂತೆ, ಪಾಪ! ಅಮ್ಮ ನನಗೆ ಆಗಲೇ ಎಲ್ಲ ಹೇಳಿದ್ದಳು. ನೀನು ಆಪರೇಷನ್ ಬೇಡ ಎಂದುಬಿಟ್ಟರೆ ಎಂಬ ಭಯಕ್ಕೆ ನಮ್ಮಿಬ್ಬರಿಗೂ ಅನ್ನ ಸೇರುತ್ತಿರಲಿಲ್ಲ.

ನಿನ್ನ ಮುಖ ನೋಡಲಾರದೆ ಗುಲಾಬಿ ಕುಂಡಕ್ಕೆ ಪಾಠ ಹೇಳಿದೆ. ಜೀವಕೋಶದ ಹೊರಪೊರೆಯ ಮೇಲೆ ರಿಸೆಪ್ಟರ್ ಇರುತ್ತದೆ, ನಮ್ಮ ಬಾಗಿಲ ಕಾಲಿಂಗ್ ಬೆಲ್ ಇದ್ದ ಹಾಗೆ. ಮೆದುಳಿನ ಬುಡದ ಗ್ರಂಥಿಯಿಂದ ಹೊರಟ ಹಾರ್ಮೋನು ಬಂದು ವೃಷಣದ ಕೋಶಗಳ ಬೆಲ್ ಒತ್ತುತ್ತದೆ. ಆಗ ಒಳಗೆ ತಯಾರಾಗುವ ಗಂಡುಹಾರ್ಮೋನೇ ಈ ಕ್ಯಾನ್ಸರಿನ ಆಹಾರ.

“ಅಡುಗೆಮನೇನೇ ಮುಚ್ಚಿದ್ರೆ ಅದಕ್ಕೆ ಊಟ ಎಲ್ಲಿಂದ ಬರುತ್ತಪ್ಪ?” ಎಂದು ನಾನು ಕೇಳಿದೆ.

ನೀನು ಮಡಿಸಿಟ್ಟ ಪೇಪರನ್ನು ಬಿಚ್ಚಿ ಮತ್ತೆ ಮಡಿಸಿದೆ. ಆಮೇಲೆ, “ಸರಿ, ಮಾಡಿಸ್ಕೋ ಅಂತ ಹೇಳ್ತೀನಿ ಅವನಿಗೆ,” ಎಂದು ಎದ್ದುಹೋದೆ. ನಾನು ಬಯೋಕೆಮಿಸ್ಟ್ರಿ ಓದಿದ್ದು ಸಾರ್ಥಕವಾದದ್ದು ಅವತ್ತೇ.

ಆಪರೇಷನ್ ಆದಮೇಲೆ ನನ್ನ ಮದುವೆಯಲ್ಲಿ ನೀನೇ ಧಾರೆ ಎರೆದೆಯಲ್ಲ, ಆಗ ನಿನ್ನ ಕೈ ನೋಡಿ ನನಗೆ... ಹೋಗಲಿ ಬಿಡು. ಕ್ಯಾನ್ಸರ್ ತಂದಿದ್ದ ಬೆನ್ನುನೋವು ಇಳಿದು, ಫೋರ್ತ್ ಬ್ಲಾಕಿಗೆ ನಡೆದು ಸೊಪ್ಪು ತರುತ್ತ, ವ್ಯಾಪಾರಿಯ ಜೊತೆ ಜಗಳವಾಡುತ್ತ ನೀನು ಇನ್ನಷ್ಟು ವರ್ಷ ಇದ್ದೆ. ನಾನು ಬಹಳ ಸಂತೋಷವಾಗಿದ್ದೆ ಅಪ್ಪ.

ಈಗ ಹೊರದೇಶದಲ್ಲಿ ಹೊಸ ಇಂಜೆಕ್ಷನ್ ಬಂದಿದೆಯಂತೆ. ಮೆದುಳಿನ ಬುಡದ ಆ ಗ್ರಂಥಿಗೂ ರಿಸೆಪ್ಟರ್ ಉಂಟು. ಈ ಇಂಜೆಕ್ಷನ್ ಆ ಬೆಲ್ಲನ್ನು ಬಿಡದೆ ಒತ್ತುತ್ತಲೇ ಇದ್ದರೆ, ಗ್ರಂಥಿ ಬೇಸತ್ತು ಓಗೊಡುವುದನ್ನೇ ನಿಲ್ಲಿಸುತ್ತದೆ. ಕತ್ತರಿಯೇ ಬೇಡ. ನೀನಿದ್ದಿದ್ದರೆ ಎಷ್ಟು ಪ್ರಶ್ನೆ ಕೇಳುತ್ತಿದ್ದೆಯೋ!

ಇನ್ನೊಂದು ಸುದ್ದಿ ಇದೆ. ಕೆಲವು ತಿಂಗಳ ಹಿಂದೆ ಎದುರುಮನೆ ಅಂಕಲ್ ಮೂತ್ರಕ್ಕೆ ಒದ್ದಾಡುತ್ತಿದ್ದಾರೆಂದು ಅವರ ಹೆಂಡತಿ ಬಂದು ಪಿಸುಗುಟ್ಟಿದರು. ನಿನ್ನ ಹೆಸರನ್ನೇ ಎಂದೂ ಹೇಳದ ಅಮ್ಮ ಸೀದಾ ಹೋಗಿ, ಗೇಟಿನಲ್ಲೇ ನಿಂತು, ಬೀದಿಗೆಲ್ಲ ಕೇಳುವಂತೆ ಅಂಕಲ್‌ಗೆ ಹೇಳಿದಳು: “ನಮ್ಮೆಜಮಾನ್ರಿಗೆ ಆಗಿದ್ದು ಪ್ರಾಸ್ಟೇಟ್ ಕ್ಯಾನ್ಸರ್. ನೀವು ನಾಚ್ಕೊಂಡು ಕೂತ್ಕೋಬೇಡಿ, ನಾಳೆನೇ ತೋರಿಸ್ಕೊಳ್ಳಿ.”

ಅವರು ಹೋದರು. ಗೆಡ್ಡೆ ಚಿಕ್ಕದಿರುವಾಗಲೇ ಸಿಕ್ಕಿತು. ನಿನ್ನ ಗುಟ್ಟು ರಟ್ಟಾಯಿತು ಅಪ್ಪ, ಅಮ್ಮನನ್ನು ಬೈಯಬೇಡ. ಅವರು ಉಳಿದುಕೊಂಡರು.